ಜೂನ್ ಬೆಳಗಿನ ಲೆಕ್ಕ

ಮೇ ಕೊನೆಯ ವಾರ ದಾವಣಗೆರೆಯ ಪುಸ್ತಕದಂಗಡಿಗಳ ಮುಂದೆ ನಿಂತರೆ ಸಾಕು, ಊರಿನ ಮನೆಮನೆಯಲ್ಲೂ ಏನು ನಡೀತಿದೆ ಅಂತ ತಿಳಿಯುತ್ತದೆ. ಒಂದು ಕೈಯಲ್ಲಿ ಶಾಲೆ ಕೊಟ್ಟ ಪಟ್ಟಿ, ಇನ್ನೊಂದು ಕೈಯಲ್ಲಿ ಮಗು, ಕಂಕುಳಲ್ಲಿ ಬ್ರೌನ್ ಶೀಟಿನ ಸುರುಳಿ. ರಾಜ್ಯ ಪಠ್ಯಕ್ರಮದ ಶಾಲೆಗಳು ಈಚಿನ ವರ್ಷಗಳಲ್ಲಿ ಮೇ 29ರ ಆಸುಪಾಸಿನಲ್ಲಿ ಬಾಗಿಲು ತೆರೆಯುತ್ತಿವೆ. ಹೊಸ ಬ್ಯಾಗು, ಹೊಸ ಶೂ, ಹೊಸ ಡಬ್ಬಿ ಎಲ್ಲಾ ಅಷ್ಟರೊಳಗೆ ಬಂದಿರುತ್ತವೆ. ಬಾರದೇ ಇರುವುದು ಬೆಳಗಿನ ಲೆಕ್ಕ ಒಂದೇ. ಏಳರಿಂದ ಎಂಟೂಕಾಲರ ನಡುವೆ ಮನೆಯಲ್ಲಿ ಎಷ್ಟು ಕೆಲಸ ಹಿಡಿಸುತ್ತದೆ ಅಂತ ಯಾರೂ ಕೂತು ಎಣಿಸಿರುವುದಿಲ್ಲ. ಹಿಡಿಸದ್ದನ್ನೆಲ್ಲ ಕೂಗಾಟದಿಂದ ತುರುಕುತ್ತೇವೆ.

ಎಣಿಸಬೇಕಾದ್ದು ಶಾಲೆಯ ಗೇಟಿನಿಂದ ಹಿಂದಕ್ಕೆ. ವ್ಯಾನು ಓಣಿಯ ತಿರುವಿಗೆ 8:10ಕ್ಕೆ ಬರುತ್ತದೆ ಅಂತಿಟ್ಟುಕೊಳ್ಳಿ. ಶೂ, ಐಡಿ ಕಾರ್ಡು, ನೀರಿನ ಬಾಟಲಿ, ತಿರುವಿನ ತನಕ ನಡಿಗೆ, ಇಷ್ಟಕ್ಕೆ 10 ನಿಮಿಷ. ತಿಂಡಿಗೆ 20. ಪ್ರಾಥಮಿಕ ಶಾಲೆಯ ಮಗು 10 ನಿಮಿಷದಲ್ಲಿ ತಿಂದು ಮುಗಿಸುತ್ತದೆ ಎಂದು ನಂಬುವವರು ಅದರ ಎದುರು ಒಂದು ದಿನ ಕೂತು ನೋಡಬೇಕು. ಸ್ನಾನ, ಬಟ್ಟೆ, ಜಡೆ ಸೇರಿ 25. ಮುಖ ತೊಳೆದು ಶೌಚಕ್ಕೆ ಹೋಗಿ ಬರುವುದಕ್ಕೆ 15. ಎದ್ದ ಮೇಲೆ ಹಾಸಿಗೆಯ ಅಂಚಲ್ಲಿ ಸುಮ್ಮನೆ ಕೂರುವುದಕ್ಕೆ 10. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಜಗಳ ಶುರುವಾಗುವುದು ಮಾತ್ರ ಇಲ್ಲಿಂದಲೇ. ಕೂಡಿದರೆ 80 ನಿಮಿಷ, ಅಂದರೆ ಏಳುವುದು 6:50ಕ್ಕೆ. ಇಬ್ಬರು ಮಕ್ಕಳು, ಒಂದೇ ಬಚ್ಚಲು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಲೆಕ್ಕ ಇನ್ನೂ ಬಿಗಿ. ತಲೆಗೆ 12 ನಿಮಿಷ ಹಿಡಿದರೂ ನಾಲ್ವರಿಗೆ 48 ನಿಮಿಷ ಬಚ್ಚಲಿಗೇ ಹೋಯಿತು.

ಎಲ್ಲರನ್ನೂ ಇನ್ನೂ ಬೇಗ ಎಬ್ಬಿಸಿದರಾಯಿತು ಅನ್ನುವುದು ಮೊದಲು ಹೊಳೆಯುವ ದಾರಿ. ಅದು ವಾರ ಬಾಳುವುದಿಲ್ಲ. ಬೆಳಗಿನ ಹೊತ್ತಿನಿಂದ ಒಂದೊಂದೇ ಕೆಲಸವನ್ನು ಕಿತ್ತು ಬೇರೆ ಹೊತ್ತಿಗೆ ಹಾಕಿದರೆ ಮಾತ್ರ ಉಸಿರಾಡಲು ಜಾಗ ಸಿಗುತ್ತದೆ. ಕೀಳಲು ಮೊದಲು ಯೋಗ್ಯವಾದದ್ದು ಮಕ್ಕಳ ಸ್ನಾನ. ಸಂಜೆ ಆಟ ಮುಗಿಸಿ ಧೂಳು ಮೆತ್ತಿಕೊಂಡು ಬಂದ ಮೇಲೆ ಮಾಡಿಸಿದರೆ ನಮ್ಮ ಹವೆಗೆ ಅದೇ ಸರಿ. ಸೋಲಾರ್ ಇರುವ ಮನೆಗಳಿಗೆ ಇನ್ನೊಂದು ಕಾರಣವೂ ಇದೆ. ತೊಟ್ಟಿಯ ನೀರು ಅತಿ ಬಿಸಿ ಇರುವುದು ಸಂಜೆ ನಾಲ್ಕೈದರ ಹೊತ್ತಿಗೆ. ರಾತ್ರಿಯೆಲ್ಲ ಆರುತ್ತಾ ಬರುತ್ತದೆ. ಜೂನ್–ಜುಲೈನ ಮೋಡದ ದಿನಗಳಲ್ಲಂತೂ ಬೆಳಿಗ್ಗೆ ಬರುವುದು ಉಗುರು ಬೆಚ್ಚಗಿನ ನೀರು. ಮೊದಲು ಸ್ನಾನ ಮಾಡಿದವರಿಗೆ ಅದು, ಕೊನೆಯವರಿಗೆ ತಣ್ಣೀರು. ಮಕ್ಕಳು ಸಂಜೆಯೇ ಮುಗಿಸಿಕೊಂಡರೆ ಬೆಳಿಗ್ಗೆ ಅವರಿಗೆ ಮುಖ, ಕೈಕಾಲು ತೊಳೆದರೆ ಸಾಕು. ಸ್ನಾನ ಆಗದೆ ದೇವರಿಗೆ ಕೈ ಮುಗಿಯುವುದು ಹೇಗೆ ಅಂತ ಅಜ್ಜಿ ಕೇಳಿಯೇ ಕೇಳುತ್ತಾರೆ. ಅವರ ಸಮಾಧಾನಕ್ಕೆ ಸೋಮವಾರವೋ ಗುರುವಾರವೋ ಒಂದು ದಿನ ಬೆಳಗಿನ ಸ್ನಾನ ಇಟ್ಟುಕೊಳ್ಳಿ, ಮನೆಯ ಶಾಂತಿಯೂ ಲೆಕ್ಕದ ಭಾಗವೇ.

ನಿದ್ದೆಯ ವಿಷಯ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. 6:50ಕ್ಕೆ ಏಳಬೇಕಾದ ಎಂಟು ವರ್ಷದ ಮಗು 9:15ಕ್ಕಾದರೂ ಮಲಗಿರಬೇಕು. ಬೇಸಿಗೆ ರಜೆಯಲ್ಲಿ ಅದು ಮಲಗಿದ್ದು 11ಕ್ಕೆ. ಎರಡು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ಸರಿಸುತ್ತಾ ಬಂದರೆ ಎರಡು ವಾರ ಬೇಕು. ಹೇಳುವುದು ಸುಲಭ. ಮೇ ತಿಂಗಳೆಂದರೆ ಮದುವೆ, ಗೃಹಪ್ರವೇಶ, ಅಜ್ಜಿ ಊರು, ಮೇಲೆ ಐಪಿಎಲ್. ಎರಡು ವಾರದ ಶಿಸ್ತು ಯಾವ ಮನೆಯಲ್ಲೂ ನಿಲ್ಲುವುದಿಲ್ಲ. ಹಾಗಾಗಿ ಮಲಗುವ ಕಡೆಯಿಂದ ಎಳೆಯುವ ಬದಲು ಏಳುವ ಕಡೆಯಿಂದ ಎಳೆಯಬೇಕು. ರಾತ್ರಿ ಎಷ್ಟಕ್ಕೇ ಮಲಗಲಿ, ಬೆಳಿಗ್ಗೆ ಅದೇ ಹೊತ್ತಿಗೆ ಎಬ್ಬಿಸಿ, ಕಿಟಕಿ ತೆರೆದು ಬೆಳಕಿಗೆ ಕೂರಿಸಿ, ಮಧ್ಯಾಹ್ನ ಮಲಗಲು ಬಿಡಬೇಡಿ. ನಾಲ್ಕೈದು ದಿನದಲ್ಲಿ ರಾತ್ರಿಯ ನಿದ್ದೆ ತಾನೇ ಬೇಗ ಬರುತ್ತದೆ. ಆ ನಾಲ್ಕೈದು ದಿನ ಮಗು ಸಿಡಿಮಿಡಿ ಅನ್ನುತ್ತದೆ. ಅದನ್ನು ಶಾಲೆ ಶುರುವಾಗುವ ಮುಂಚೆಯೇ ಮುಗಿಸಿಕೊಳ್ಳುವುದು ಜಾಣತನ. ಭಾನುವಾರ ಹತ್ತು ಗಂಟೆವರೆಗೆ ಮಲಗಲು ಬಿಟ್ಟರೆ ಸೋಮವಾರ ಮತ್ತೆ ಮೊದಲಿನಿಂದ ಶುರು. ಒಂದು ಗಂಟೆಗಿಂತ ಹೆಚ್ಚು ರಿಯಾಯಿತಿ ಬೇಡ.

ಇನ್ನು ಶನಿವಾರ. ವಾರವಿಡೀ ಒಂಬತ್ತೂವರೆ, ಹತ್ತಕ್ಕೆ ಶುರುವಾಗುವ ಸರ್ಕಾರಿ ಶಾಲೆ ಶನಿವಾರ ಎಂಟರ ಆಸುಪಾಸಿಗೇ ಶುರು, ಮಧ್ಯಾಹ್ನಕ್ಕೆ ಮುಂಚೆ ಬಿಡುಗಡೆ. ದೊಡ್ಡವಳು ಖಾಸಗಿ ಹೈಸ್ಕೂಲು, ಚಿಕ್ಕವನು ಓಣಿಯ ಸರ್ಕಾರಿ ಶಾಲೆ ಅಂತಿರುವ ಮನೆಯಲ್ಲಿ ಶನಿವಾರ ಎಲ್ಲವೂ ತಲೆಕೆಳಗು. ತಪ್ಪುವುದು ಏಳುವ ಹೊತ್ತಿಗಿಂತ ಬಟ್ಟೆಯಲ್ಲಿ. ಬಹಳ ಕಡೆ ಶನಿವಾರಕ್ಕೆ ಬಿಳಿ ಸಮವಸ್ತ್ರ, ಬಿಳಿ ಕ್ಯಾನ್ವಾಸ್ ಶೂ. ಕ್ಯಾನ್ವಾಸ್ ಶೂ ಒಗೆದರೆ ಜೂನ್ ಹವೆಯಲ್ಲಿ ಒಳಗಿನ ಅಟ್ಟೆ ಒಣಗಲು ಒಂದೂವರೆ ದಿನ ಬೇಕು. ಶುಕ್ರವಾರ ರಾತ್ರಿ ಒಗೆದರೆ ಶನಿವಾರ ಒದ್ದೆ ಶೂ ಗ್ಯಾರಂಟಿ. ಒಗೆಯಬೇಕಾದ್ದು ಬುಧವಾರ. ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಸಂಜೆಗೊಮ್ಮೆ ಬದಲಿಸಿದರೆ ಬೇಗ ಒಣಗುತ್ತದೆ, ಆಕಾರವೂ ಕೆಡುವುದಿಲ್ಲ.

ಬಟ್ಟೆಯ ಮಾತು ಬಂದದ್ದಕ್ಕೆ ಇನ್ನೊಂದಿಷ್ಟು. ಹೊಸ ಸಮವಸ್ತ್ರ ಹತ್ತಿಯದ್ದಾಗಿದ್ದರೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಆದ್ದರಿಂದ ಒಮ್ಮೆ ನೀರಿಗೆ ಹಾಕಿ ಒಣಗಿಸಿದ ಮೇಲೇ ಉದ್ದ ಮಡಚಿಸಬೇಕು. ಒಳಮಡಿಕೆ ಎರಡು ಇಂಚು ಬಿಡಿಸಿದರೆ ದಸರಾ ರಜೆಗೆ ಒಂದು ಇಂಚು ಬಿಚ್ಚಬಹುದು, ಇಡೀ ವರ್ಷ ಬರುತ್ತದೆ. ಶೂ ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ನಿಲ್ಲಿಸಿ ನೋಡಿದಾಗ ಹೆಬ್ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಇದ್ದರೆ ಸರಿ. ಎರಡು ವರ್ಷ ಬರಲಿ ಅಂತ ಎರಡು ಸೈಜು ದೊಡ್ಡದು ತಂದರೆ ಹಿಮ್ಮಡಿ ಜಾರಿ ಗುಳ್ಳೆ ಏಳುತ್ತದೆ, ಮಗು ಓಡುವುದನ್ನೇ ಬಿಡುತ್ತದೆ. ಸಾಕ್ಸ್ ಮಾತ್ರ ಧಾರಾಳವಾಗಿ ತನ್ನಿ, ನಾಲ್ಕು ಜೊತೆ. ಬೆಳಗಿನ ಎಂಟು ಗಂಟೆಯ ರಂಪಗಳಲ್ಲಿ ಅರ್ಧ ಒಂಟಿ ಸಾಕ್ಸಿನದ್ದು.

ಅಡುಗೆಮನೆಗೆ ಬರೋಣ, ಹೊತ್ತೆಲ್ಲ ಕರಗುವುದು ಅಲ್ಲೇ. ಸರ್ಕಾರಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಬಿಸಿಯೂಟ ಇದೆ, ಅಮ್ಮಂದಿರಿಗೆ ಅದೊಂದು ನೆಮ್ಮದಿ. ಉಳಿದವರಿಗೆ ಡಬ್ಬಿ. ಡಬ್ಬಿಯ ಅಡುಗೆಗೂ ತಟ್ಟೆಯ ಅಡುಗೆಗೂ ವ್ಯತ್ಯಾಸ ಇದೆ. ಏಳೂವರೆಗೆ ತುಂಬಿದ್ದನ್ನು ಮಗು ತೆರೆಯುವುದು ಹನ್ನೆರಡೂವರೆಗೆ. ಆ ಐದು ಗಂಟೆಯಲ್ಲಿ ಪದಾರ್ಥ ಏನಾಗುತ್ತದೆ ಎಂಬುದೇ ಮುಖ್ಯ.

ದೋಸೆ ತಟ್ಟೆಗೆ, ಡಬ್ಬಿಗಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಚರ್ಮದಂತಾಗುತ್ತದೆ. ಬೆಣ್ಣೆ ದೋಸೆಯ ಊರಿನಲ್ಲಿ ಹುಟ್ಟಿದ ಮಗುವಿಗೆ ಆ ಶಿಕ್ಷೆ ಯಾಕೆ? ಬೆಳಗಿನ ತಿಂಡಿಗಾದರೆ ಹಿಟ್ಟಿನ ಹೊತ್ತು ನೋಡಿಕೊಳ್ಳಬೇಕು. ನಾಲ್ಕು ಲೋಟ ಅಕ್ಕಿ, ಒಂದು ಲೋಟ ಉದ್ದು, ಎರಡು ಹಿಡಿ ಮಂಡಕ್ಕಿ, ಚಮಚ ಮೆಂತ್ಯದ ಹಿಟ್ಟು ಏಪ್ರಿಲ್‌ನಲ್ಲಿ ಐದಾರು ಗಂಟೆಗೇ ಹುಳಿ ಬರುತ್ತದೆ. ಜೂನ್‌ನಲ್ಲಿ ಪಡುವಣ ಗಾಳಿ ಬಿಟ್ಟು ಹವೆ ತಂಪಾದ ಮೇಲೆ ಅದೇ ಹಿಟ್ಟಿಗೆ ಎಂಟು–ಹತ್ತು ಗಂಟೆ ಬೇಕು. ರಜೆಯ ಅಭ್ಯಾಸದಲ್ಲಿ ರಾತ್ರಿ ಹತ್ತೂವರೆಗೆ ರುಬ್ಬಿಟ್ಟರೆ ಬೆಳಿಗ್ಗೆ ಉಬ್ಬದ ಹಿಟ್ಟು, ಕಾವಲಿಗೆ ಅಂಟುವ ದೋಸೆ. ಎಂಟರೊಳಗೆ ರುಬ್ಬಿ ಮುಗಿಸಬೇಕು.

ಜೋಳದ ರೊಟ್ಟಿಯೂ ಹಾಗೆಯೇ, ಬಿಸಿ ಇದ್ದಾಗಲೇ ಚೆಂದ. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲದ್ದರಿಂದ ನೀರಿನಂಶ ಆರಿದ ಕೂಡಲೇ ಬಿರಿಯುತ್ತದೆ. ಡಬ್ಬಿಗೆ ಚಪಾತಿ ವಾಸಿ. ಅದರಲ್ಲೂ ಕೆಡಿಸುವುದು ಎರಡು ಕಡೆ. ಹಿಟ್ಟು ಕಲಸಿದ ತಕ್ಷಣ ಲಟ್ಟಿಸಿದರೆ ಗಟ್ಟಿ. ಉಗುರು ಬೆಚ್ಚಗಿನ ನೀರಲ್ಲಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಬೇಕು. ಬೇಯಿಸಿದ್ದನ್ನು ಬಿಸಿಬಿಸಿಯಾಗಿ ಡಬ್ಬಿಗೆ ಹಾಕಿ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿಯುತ್ತದೆ, ತಳದ ಚಪಾತಿ ಮುದ್ದೆ. ಬಟ್ಟೆಯ ಮೇಲೆ ಎರಡು ನಿಮಿಷ ಆರಿಸಿ, ಅದೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಡಿ. ಜೊತೆಗೆ ಕಾಯಿ ಚಟ್ನಿ ಬೇಡ, ಮಧ್ಯಾಹ್ನಕ್ಕೆ ಹಳಸುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಯಾತಕ್ಕಿವೆ? ಭಾನುವಾರ ಕಾಲು ಕಿಲೋ ಶೇಂಗಾ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿಟ್ಟರೆ ಎರಡು ವಾರಕ್ಕೆ ಚಿಂತೆ ಇಲ್ಲ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ. ಮಗುವಿನ ಡಬ್ಬಿಗೆ ಹಾಕುವಾಗ ತುಪ್ಪವನ್ನೋ ಎಣ್ಣೆಯನ್ನೋ ಮನೆಯಲ್ಲೇ ಕಲಸಿ ಕೊಡಿ, ಒಣ ಪುಡಿ ಬ್ಯಾಗಿನ ತುಂಬಾ ಚೆಲ್ಲುತ್ತದೆ.

ಮೊಸರನ್ನಕ್ಕೆ ಮೊಸರು ಕಡಿಮೆ, ಹಾಲು ಹೆಚ್ಚು. ಒಂದು ಲೋಟ ಅಕ್ಕಿಯನ್ನು ಮೂರೂವರೆ ಲೋಟ ನೀರಲ್ಲಿ ಮೆತ್ತಗೆ ಬೇಯಿಸಿ, ಮಸೆದು, ಬೆರಳಿಗೆ ಸುಡದಷ್ಟು ಆರಿದ ಮೇಲೆ ಒಂದೂವರೆ ಲೋಟ ಕಾಯಿಸಿ ಆರಿಸಿದ ಹಾಲು, ಒಂದೇ ದೊಡ್ಡ ಚಮಚ ಮೊಸರು. ಊಟದ ಹೊತ್ತಿಗೆ ಅಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ಅನ್ನ ಸುಡುವಾಗಲೇ ಹಾಕಿದರೆ ಮೊಸರು ಒಡೆಯುತ್ತದೆ, ಹೆಪ್ಪೂ ಕೂರುವುದಿಲ್ಲ. ಮೊಸರೇ ತುಂಬಾ ಹಾಕಿದರೆ ಹುಳಿ. ಉಪ್ಪಿಟ್ಟಿಗೆ ಮನೆಯಲ್ಲಿ ಎರಡೂವರೆ ಪಟ್ಟು ನೀರು ಹಾಕುವವರು ಡಬ್ಬಿಗೆ ಮೂರು ಪಟ್ಟು ಹಾಕಬೇಕು, ಇಲ್ಲದಿದ್ದರೆ ಮಧ್ಯಾಹ್ನ ಇಟ್ಟಿಗೆ. ಚಿತ್ರಾನ್ನಕ್ಕೆ ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ. ಉರಿಯ ಮೇಲೆ ಹಿಂಡಿದರೆ ಕಹಿ. ರಾತ್ರಿಯಿಡೀ ಹೊರಗೇ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟು ಡಬ್ಬಿಗೆ ಹಾಕುವ ರೂಢಿ ಬಿಡಿ. ಬೆಂದ ಅನ್ನದಲ್ಲೂ ಬದುಕುಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾ ರಾತ್ರಿಯ ಬೆಚ್ಚಗೆಯಲ್ಲಿ ಬೆಳೆದು ವಿಷ ಬಿಡುತ್ತದೆ, ಅದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನ ಬೇಕೇ ಬೇಕೆಂದರೆ ಆರಿದ ಕೂಡಲೇ ಫ್ರಿಜ್ಜಿಗೆ.

ಒಗ್ಗರಣೆ ಮಂಡಕ್ಕಿ ಮಾತ್ರ ಸಂಜೆಯ ತಿಂಡಿಗೇ ಇರಲಿ. ಶಾಲೆಯಿಂದ ಹಸಿದು ಬಂದ ಮಗುವಿನ ಕೈಗೆ ಹತ್ತು ನಿಮಿಷದಲ್ಲಿ ಕೊಡಬಹುದಾದ್ದು ಅದು. ಹುರಿಗಡಲೆ ಪುಡಿ ಎರಡು ಚಮಚ ಹೆಚ್ಚೇ ಹಾಕಿ, ಹೊಟ್ಟೆಗೆ ನಿಲ್ಲುತ್ತದೆ.

ಬೈಂಡ್ ಹಾಕುವುದು ಒಂದು ಸಂಜೆಯ ಕೆಲಸ, ಅದನ್ನೂ ಮೊದಲ ದಿನದ ಹಿಂದಿನ ರಾತ್ರಿಗೇ ಇಟ್ಟುಕೊಳ್ಳುತ್ತೇವೆ. ಶೀಟಿನ ಮೇಲೆ ಪುಸ್ತಕ ಬಿಡಿಸಿ ಇಟ್ಟು ನಾಲ್ಕೂ ಕಡೆ ಮೂರು ಬೆರಳು ಬಿಟ್ಟು ಕತ್ತರಿಸಿ. ಪುಸ್ತಕದ ಬೆನ್ನಿನ ಮೇಲ್ತುದಿಗೂ ಕೆಳತುದಿಗೂ ಕತ್ತರಿಯಿಂದ ಎರಡು ಓರೆ ಗೀರು ಎಳೆದು ಆ ತುಣುಕನ್ನು ಒಳಕ್ಕೆ ಮಡಚಿ. ಆಮೇಲಿನ ಹೆಜ್ಜೆಯಲ್ಲೇ ಎಡವುವುದು: ಪುಸ್ತಕ ತೆರೆದಿಟ್ಟೇ ಅಂಚು ಮಡಚಿದರೆ ಮುಚ್ಚುವಾಗ ರಟ್ಟು ಎಳೆದು ಮೂಲೆ ಹರಿಯುತ್ತದೆ. ಪುಸ್ತಕವನ್ನು ಮುಚ್ಚಿ, ಗೆರೆ ಬೀಳುವಷ್ಟು ಒತ್ತಿ, ಆ ಗೆರೆಗೆ ಸರಿಯಾಗಿ ಮಡಚಬೇಕು. ಹೆಸರನ್ನು ಬಾಲ್ ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ನು ಮೊದಲ ಮಳೆಗೇ ಹರಡುತ್ತದೆ. ಮೂರನೇ ತರಗತಿ ದಾಟಿದ ಮಗು ಈ ಕೆಲಸಕ್ಕೆ ಕೂರಲೇಬೇಕು. ಅಂಕುಡೊಂಕಾದರೆ ಆಗಲಿ.

ಬ್ಯಾಗಿನ ಭಾರಕ್ಕೆ ರಾಜ್ಯದಲ್ಲಿ 2019ರ ಸುತ್ತೋಲೆಯೊಂದಿದೆ. 1–2ನೇ ತರಗತಿಗೆ 1.5ರಿಂದ 2 ಕಿಲೋ, 3ರಿಂದ 5ಕ್ಕೆ 2–3, 6ರಿಂದ 8ಕ್ಕೆ 3–4, 9–10ಕ್ಕೆ 4–5 ಕಿಲೋ. ತಿಂಗಳ ಮೂರನೇ ಶನಿವಾರ ಬ್ಯಾಗ್‌ರಹಿತ ದಿನ. ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ಇದರ ಹಿಂದಿನ ಲೆಕ್ಕ. ಈಗ ನಾಲ್ಕನೇ ತರಗತಿಯ 24 ಕಿಲೋದ ಹುಡುಗನ ಬ್ಯಾಗನ್ನು ಬಿಚ್ಚಿ ನೋಡಿ. ಅವನಿಗೆ ಸಲ್ಲುವುದು 2.4 ಕಿಲೋ. ಖಾಲಿ ಬ್ಯಾಗೇ 700 ಗ್ರಾಂ, ಮುಕ್ಕಾಲು ಲೀಟರ್ ನೀರು ತುಂಬಿದ ಬಾಟಲಿ 900 ಗ್ರಾಂ, ತುಂಬಿದ ಡಬ್ಬಿ 400. ಪುಸ್ತಕಕ್ಕೆ ಉಳಿದದ್ದು 400 ಗ್ರಾಂ. 200 ಪುಟದ ಉದ್ದ ನೋಟ್‌ಬುಕ್ಕೇ 250 ಗ್ರಾಂ ದಾಟುತ್ತದೆ. ಶಾಲೆಯಲ್ಲಿ ಕುಡಿಯುವ ನೀರು ಚೆನ್ನಾಗಿದ್ದರೆ ಬಾಟಲಿ ಅರ್ಧ ತುಂಬಿಸಿ, ಶಿಕ್ಷಕರು ಒಪ್ಪಿದರೆ 100 ಪುಟದ ನೋಟ್‌ಬುಕ್‌ನಲ್ಲಿ ಶುರು ಮಾಡಿ. ರಾಜ್ಯದ ಪಠ್ಯಪುಸ್ತಕಗಳೇ ಈಗ ಭಾಗ 1, ಭಾಗ 2 ಎಂದು ಬರುತ್ತಿವೆ. ಎರಡನೆಯದನ್ನು ಅಕ್ಟೋಬರ್ ತನಕ ಮನೆಯ ಕಪಾಟಿನಲ್ಲೇ ಇಡಿ. ಉತ್ಸಾಹಕ್ಕೆ ಎರಡನ್ನೂ ಹೊತ್ತು ಹೋಗುವ ಮಕ್ಕಳಿದ್ದಾರೆ.

ದಾರಿಯ ವಿಷಯಕ್ಕೆ ಬಂದರೆ ದಾವಣಗೆರೆಯನ್ನು ರೈಲು ಹಳಿ ಎರಡು ಹೋಳು ಮಾಡಿದೆ. ಮಂಡಿಪೇಟೆ, ಚೌಕಿಪೇಟೆಯ ಹಳೇ ಊರು ಒಂದು ಕಡೆ, ಪಿ.ಜೆ. ಬಡಾವಣೆ, ಎಂ.ಸಿ.ಸಿ., ವಿದ್ಯಾನಗರ ಇನ್ನೊಂದು ಕಡೆ. ಮನೆ ಒಂದು ಬದಿ, ಶಾಲೆ ಇನ್ನೊಂದು ಬದಿ ಇದ್ದವರು ಹಳಿ ದಾಟುವುದಕ್ಕೆಂದೇ ಹತ್ತು ನಿಮಿಷ ಬೇರೆ ಇಡಬೇಕು. ಜೋರು ಮಳೆ ಬಂದು ಕೆಳಸೇತುವೆಯಲ್ಲಿ ನೀರು ನಿಂತರೆ ಯಾವ ದಾರಿ ಎಂಬುದು ಮೊದಲೇ ಗೊತ್ತಿರಲಿ. ಬೈಕಿನಲ್ಲಿ ಬಿಡುವವರಿಗೆ: ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟೂ ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿಯೂ ಬೇಕು, ವೇಗ 40 ಕಿ.ಮೀ. ಮೀರುವಂತಿಲ್ಲ ಎಂಬ ನಿಯಮ 2023ರ ಫೆಬ್ರವರಿಯಿಂದ ಇದೆ. ನಾಲ್ಕು ದಾಟಿದವರಿಗೆ ಹೆಲ್ಮೆಟ್ ಮೊದಲಿನಿಂದಲೂ ಕಡ್ಡಾಯ. ಮುಂದೆ ಟ್ಯಾಂಕಿನ ಮೇಲೆ ಒಂದು, ಹಿಂದೆ ಎರಡು, ನಡುವೆ ಬ್ಯಾಗು ಅಂತ ಹೋಗುವ ದೃಶ್ಯಕ್ಕೆ ಊರೇ ಒಗ್ಗಿಹೋಗಿದೆ, ಅದು ಬೇರೆ ಮಾತು. ಹಳ್ಳಿಯಿಂದ ಸರ್ಕಾರಿ ಬಸ್ಸಿನಲ್ಲಿ ಬರುವವರಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಜೊತೆಗಿದ್ದರಾಯಿತು. ಹುಡುಗರು ಪಾಸ್ ಮಾಡಿಸಬೇಕು, ಅರ್ಜಿ ಸೇವಾಸಿಂಧುವಿನಲ್ಲಿ. ಶಾಲೆಯ ದಾಖಲೆಯಲ್ಲಿ ಮತ್ತು ಆಧಾರ್‌ನಲ್ಲಿ ಹೆಸರಿನ ಅಕ್ಷರ ಒಂದೇ ಥರ ಇದೆಯೇ ಅಂತ ಮೊದಲೇ ನೋಡಿಕೊಳ್ಳಿ. ಮುಂದೆ ವಿದ್ಯಾರ್ಥಿವೇತನದ ಅರ್ಜಿಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ಭಾಗದ ಹಳ್ಳಿಗಳಲ್ಲಿ ಶಾಲೆ ಶುರುವಾಗುವುದೂ ಮೆಕ್ಕೆಜೋಳ ಬಿತ್ತುವುದೂ ಒಂದೇ ಹೊತ್ತಿಗೆ. ಹದ ಮಳೆ ಬಿದ್ದ ಮರುದಿನ ಅಪ್ಪ ಅವ್ವ ಇಬ್ಬರೂ ಬೆಳಕು ಹರಿಯುವ ಮುಂಚೆ ಹೊಲದಲ್ಲಿ. ಬೀಜ, ಗೊಬ್ಬರ, ಕೂಲಿ, ಜೊತೆಗೇ ಶಾಲೆಯ ಖರ್ಚು. ಅಂಥ ಮನೆಗಳಲ್ಲಿ ಬೆಳಗನ್ನು ನಡೆಸುವುದು ಅಜ್ಜಿಯೋ ದೊಡ್ಡ ಮಗಳೋ. ದೊಡ್ಡ ಮಗಳಿಗೂ ಶಾಲೆ ಇದೆ ಎಂಬುದನ್ನು ಮನೆ ಮರೆಯಬಾರದು. ತಮ್ಮನ ತಲೆ ಬಾಚಿ, ಡಬ್ಬಿ ಕಟ್ಟಿ, ಕಸ ಗುಡಿಸಿ ಹೋಗುವ ಒಂಬತ್ತನೇ ತರಗತಿಯ ಹುಡುಗಿ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವುದು ಸೋಮಾರಿತನದಿಂದಲ್ಲ. ಬಿತ್ತನೆಯ ಎರಡು ವಾರ ಒಪ್ಪೊತ್ತಿನ ಅಡುಗೆಯನ್ನು ರಾತ್ರಿಯೇ ಮುಗಿಸಿಡಿ. ಖಡಕ್ ರೊಟ್ಟಿ ಇದಕ್ಕೆಂದೇ ಇರುವುದು, ಚಟ್ನಿಪುಡಿ, ಮೊಸರು ಇದ್ದರೆ ಬೆಳಿಗ್ಗೆ ಒಲೆ ಹಚ್ಚಬೇಕಿಲ್ಲ.

ಸಂಜೆಯ ಪಾಠದ ಬಗ್ಗೆ ಒಂದೇ ಮಾತು: ಜೂನ್‌ನಲ್ಲೇ ಟ್ಯೂಷನ್ನಿಗೆ ಸೇರಿಸಬೇಡಿ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಮೊದಲ ವಾರಗಳು ಸೇತುಬಂಧಕ್ಕೆ. ಪೂರ್ವಪರೀಕ್ಷೆ ಮಾಡಿ, ಹಿಂದಿನ ತರಗತಿಯ ಯಾವ ಕಲಿಕೆ ಬಿಟ್ಟುಹೋಗಿದೆ ಎಂದು ನೋಡಿ, ಅದನ್ನು ಕಲಿಸಿ, ಮತ್ತೆ ಪರೀಕ್ಷೆ ಮಾಡುತ್ತಾರೆ. ಆ ಫಲಿತಾಂಶ ಕೇಳಿ ತಿಳಿದುಕೊಂಡ ಮೇಲೆ ಬೇಕಿದ್ದ ವಿಷಯಕ್ಕಷ್ಟೇ ಸಹಾಯ ಹುಡುಕಬಹುದು. ಮೊದಲ ತಿಂಗಳು ಮಗುವಿನ ಸಂಜೆಗೆ ಆಟ, ಸ್ನಾನ, ಅರ್ಧ–ಮುಕ್ಕಾಲು ಗಂಟೆ ಹೋಮ್‌ವರ್ಕ್, ಊಟ, ನಿದ್ದೆ ಇಷ್ಟೇ ಹಿಡಿಸುತ್ತದೆ. ಹೋಮ್‌ವರ್ಕ್ ಮುಗಿದ ಕೂಡಲೇ ಡೈರಿ ತೆರೆದು, ನಾಳಿನ ಟೈಮ್‌ಟೇಬಲ್ ನೋಡಿ ಬ್ಯಾಗ್ ಜೋಡಿಸಿ ಬಾಗಿಲ ಬಳಿ ಇಡಬೇಕು. ಇದನ್ನು ಏಳು ಗಂಟೆಯೊಳಗೆ ಮಾಡಿದರೆ "ಅಮ್ಮಾ, ನಾಳೆ ಚಾರ್ಟ್ ಶೀಟ್ ತಗೊಂಡು ಹೋಗ್ಬೇಕಂತೆ" ಎನ್ನುವುದು ಅಂಗಡಿ ತೆರೆದಿರುವಾಗಲೇ ಹೊರಬರುತ್ತದೆ. ಎರಡು ಚಾರ್ಟ್, ಒಂದು ಗೋಂದು, ಸ್ಕೆಚ್ ಪೆನ್ನು ಮನೆಯಲ್ಲಿ ಸದಾ ಇದ್ದರೆ ಇನ್ನೂ ಒಳ್ಳೆಯದು.

ಜೂನ್ ಮುಗಿಯುವುದರೊಳಗೆ ಶೀತ, ಜ್ವರ, ಹೇನು ಮೂರೂ ತರಗತಿಯ ತುಂಬ ಒಂದು ಸುತ್ತು ಹಾಕುತ್ತವೆ. ಮಾತ್ರೆ ಇಲ್ಲದೆ ಇಪ್ಪತ್ತನಾಲ್ಕು ಗಂಟೆ ಜ್ವರ ಬಾರದಿದ್ದರೆ ಮಾತ್ರ ಕಳಿಸಿ. ಬೆಳಿಗ್ಗೆ ಮಾತ್ರೆ ನುಂಗಿಸಿ ಕಳಿಸಿದರೆ ಹನ್ನೊಂದಕ್ಕೆ ಶಾಲೆಯಿಂದ ಫೋನ್ ಬರುತ್ತದೆ. ಹೇನಿಗೆ ಒದ್ದೆ ತಲೆಗೆ ಎಣ್ಣೆ ಹಚ್ಚಿ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದಿಂದ ತುದಿಯ ತನಕ ಬಾಚಬೇಕು, ಮೂರು ದಿನಕ್ಕೊಮ್ಮೆ, ಎರಡು ವಾರ. ಸೀರು ಒಡೆದು ಮರಿಯಾಗಲು ಏಳೆಂಟು ದಿನ ಹಿಡಿಯುವುದರಿಂದ ಒಂದು ಸಲ ಬಾಚಿ ಬಿಟ್ಟರೆ ಮುಂದಿನ ವಾರ ಮತ್ತೆ ಹಾಜರು.

ಇಷ್ಟೆಲ್ಲ ಸರಿಹೋದ ಮೇಲೂ ಬಹಳ ಮನೆಗಳ ವ್ಯವಸ್ಥೆ ಒಂದೇ ದಿನದಲ್ಲಿ ಬೀಳುತ್ತದೆ, ಅಮ್ಮನಿಗೆ ಹುಷಾರಿಲ್ಲದ ದಿನ. ಎಲ್ಲವೂ ಅವಳ ತಲೆಯಲ್ಲಿ ಮಾತ್ರ ಇರುತ್ತದೆ: ವ್ಯಾನಿನವರ ನಂಬರು, ಯಾವ ದಿನ ಪಿ.ಟಿ. ಬಟ್ಟೆ, ಚಿಕ್ಕವನು ಯಾವ ಪಲ್ಯ ಮುಟ್ಟುವುದಿಲ್ಲ, ಐಡಿ ಕಾರ್ಡು ಎಲ್ಲಿದೆ. "ಏನಾದ್ರೂ ಸಹಾಯ ಬೇಕಾ?" ಎಂದು ಏಳೂಮುಕ್ಕಾಲಿಗೆ ಕೇಳುವ ಗಂಡ ಸಹಾಯ ಮಾಡಿದಂತಾಗುವುದಿಲ್ಲ, ಕೆಲಸ ಹೇಳಿಕೊಡುವುದೂ ಅವಳಿಗೆ ಇನ್ನೊಂದು ಕೆಲಸ. ಬುಡದಿಂದ ತುದಿವರೆಗೆ ಕೆಲಸವನ್ನೇ ಹಂಚಿಕೊಳ್ಳಬೇಕು. ಅಪ್ಪನದು ಶೂ, ಸಾಕ್ಸ್, ಬಟ್ಟೆ ಎಂದಾದರೆ ಒಗೆಯುವುದು, ಒಣಗಿಸುವುದು, ಇಸ್ತ್ರಿ, ಬುಧವಾರದ ಕ್ಯಾನ್ವಾಸ್, ಕಾಣೆಯಾದ ಜೊತೆಯನ್ನು ಮಂಚದ ಕೆಳಗೆ ಹುಡುಕುವುದು, ಪೂರ್ತಿ ಅವರದೇ. ತಾತನದು ವ್ಯಾನಿನ ತಿರುವು ಮತ್ತು ಬಾಟಲಿ. ಮಗುವಿನದು ಬ್ಯಾಗು ಮತ್ತು ಡೈರಿ. ಮೊದಲ ಎರಡು ವಾರ ಎಡವಟ್ಟಾಗುತ್ತದೆ, ಒಂದು ದಿನ ಇಸ್ತ್ರಿ ಇಲ್ಲದ ಅಂಗಿ ಶಾಲೆಗೆ ಹೋಗುತ್ತದೆ. ಹೋಗಲಿ, ಅಮ್ಮ ನಡುವೆ ಬಂದು ತಾನೇ ಮಾಡಿ ಮುಗಿಸಬಾರದು. ವ್ಯಾನಿನವರ, ತರಗತಿ ಶಿಕ್ಷಕರ, ಪಕ್ಕದ ಮನೆಯವರ ನಂಬರುಗಳನ್ನು, ಮಕ್ಕಳಿಬ್ಬರ ಟೈಮ್‌ಟೇಬಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಕನ್ನಡಕ ಇಲ್ಲದೆಯೂ ತಾತನಿಗೆ ಕಾಣುವಷ್ಟು ದೊಡ್ಡದಿರಲಿ.